ಟಿಶ್ಯೂ: ಮೈಯೊಳಗಿನ ನೇಯ್ಗೆ



ಜವಳಿ ಅಂಗಡಿಯಲ್ಲಿ ‘ಟಿಶ್ಯೂ’ ಎಂದರೆ ಸೀರೆ. ಹೋಟೆಲಿನಲ್ಲಿ ಕೈ ಒರೆಸುವ ಕಾಗದ. ಆಸ್ಪತ್ರೆಯಲ್ಲಿ ಮೈಯದೇ ಒಂದು ಚೂರು. ಈ ಮೂರಕ್ಕೂ ಒಂದೇ ಹೆಸರು ಹೇಗೆ ಬಂತು?

ಪದದ ಬೇರು ಮಗ್ಗದಲ್ಲಿದೆ. ಲ್ಯಾಟಿನ್ನಿನ ‘ಟೆಕ್ಸೆರೆ’ ಎಂದರೆ ನೇಯುವುದು. ಅದರಿಂದ ಬಂದ ಫ್ರೆಂಚ್ ‘ತಿಸ್ಸು’ ಎಂದರೆ ನೇಯ್ದದ್ದು. ಜರಿಯ ಹೊಕ್ಕಿನ ಟಿಶ್ಯೂ ಸೀರೆ ಈ ಮೂಲಾರ್ಥಕ್ಕೆ ತೀರ ಹತ್ತಿರ. ಕಾಗದವನ್ನು ಯಾರೂ ನೇಯುವುದಿಲ್ಲ. ಆದರೂ 18ನೆಯ ಶತಮಾನದಲ್ಲೇ ತೆಳುಕಾಗದಕ್ಕೆ ಆ ಹೆಸರು ಅಂಟಿಕೊಂಡಿತು.

ಶರೀರಶಾಸ್ತ್ರದಲ್ಲಿ ಈ ಪದವನ್ನು ನೆಲೆಗೊಳಿಸಿದವನು ಫ್ರಾನ್ಸಿನ ವೈದ್ಯ ಬಿಷಾ. ಸೂಕ್ಷ್ಮದರ್ಶಕವನ್ನು ನೆಚ್ಚದೆ, ಶವದ ಭಾಗಗಳನ್ನು ಕೊಯ್ದು, ಬೇಯಿಸಿ, ಒಣಗಿಸಿ ನೋಡಿ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ. 1801ರಲ್ಲಿ ಅವನ ಗ್ರಂಥ ಬಂತು; ಮರುವರ್ಷ, ಮೂವತ್ತರ ಹರೆಯದಲ್ಲೇ ತೀರಿಕೊಂಡ. ರೋಗ ಇಡೀ ಅಂಗಕ್ಕೇ ತಗಲಬೇಕಿಲ್ಲ, ಅದರೊಳಗಿನ ಒಂದು ನೇಯ್ಗೆಗೆ ಮಾತ್ರ ತಗಲಬಹುದೆಂಬುದು ಅವನ ದೊಡ್ಡ ಕಾಣ್ಕೆ. ಇಂದು ನಾವು ಮುಖ್ಯವಾಗಿ ಎಣಿಸುವುದು ನಾಲ್ಕು: ಹೊದಿಕೆಯದು, ಸಂಯೋಜಕ, ಸ್ನಾಯು, ನರ.

ನಮ್ಮ ‘ಅಂಗಾಂಶ’ ಅಂಗದ ಭಾಗವೆನ್ನುತ್ತದೆ, ನೇಯ್ಗೆಯ ಸುದ್ದಿ ಎತ್ತುವುದಿಲ್ಲ. ಹಿಂದಿಯ ‘ಊತಕ’ದಲ್ಲಿರುವುದು ನೇಯ್ದದ್ದು ಎಂಬರ್ಥದ ಸಂಸ್ಕೃತ ‘ಊತ’; ಕನ್ನಡದಲ್ಲಿ ಊತವೆಂದರೆ ಬಾವು! ಆದ್ದರಿಂದ ಪದ ಬದಲಿಸುವುದು ಬೇಡ, ಬಿಡಿಸಿ ಹೇಳಿದರೆ ಸಾಕು. ಬಯಾಪ್ಸಿ ಎಂದೊಡನೆ ರೋಗಿಯ ಎದೆ ನಡುಗುತ್ತದೆ. ‘ನಿಮ್ಮ ಜೀವಕೋಶಗಳು ಹಾಸುಹೊಕ್ಕಾಗಿ ಕೂಡಿರುವ ಬಗೆ ಸರಿಯಿದೆಯೇ ಎಂದು ಒಂದು ಎಳೆ ತೆಗೆದು ನೋಡುತ್ತೇವೆ’ ಎಂದರೆ, ತಾನು ಯಾವುದಕ್ಕೆ ಒಪ್ಪಿಗೆಯ ರುಜು ಹಾಕುತ್ತಿದ್ದೇನೆಂದು ಅವನಿಗೆ ತಿಳಿದೀತು.