ಕೃತಕ ಕೈ: ಸರಳವೋ ಜಟಿಲವೋ



ಖಾನಾಪುರದ ಮಣ್ಣಿಗೆ ಕುಂಬಾರಿಕೆಯಲ್ಲಿ ದೊಡ್ಡ ಹೆಸರು. ತಿರುಗುವ ತಿಗರಿಯ ಮೇಲೆ ಗಡಿಗೆಯ ಕಂಠ ಮೂಡುವಾಗ ಮಣ್ಣಿನ ದಪ್ಪವನ್ನು ಅಳೆಯುವುದು ಕುಂಬಾರನ ಕಣ್ಣಲ್ಲ, ಬೆರಳು. ಕೈ ಹಿಡಿಯುವ ಅಂಗವಷ್ಟೇ ಅಲ್ಲ, ಅರಿಯುವ ಅಂಗವೂ ಹೌದು. ಕೃತಕ ಕೈಯನ್ನು ರೂಪಿಸುವವರನ್ನು ಕಾಡುತ್ತಿರುವುದು ಈ ಎರಡನೆಯ ಗುಣವೇ. ಕನ್ನಡದ ಮೇಷ್ಟರಿಗೆ ಯಂತ್ರದ ಉಸಾಬರಿ ಏಕೆಂದು ನೀವು ಕೇಳಬಹುದು, ಕಾರಣವಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಪ್ರೆಸ್ಸಿಗೆ ಸಿಕ್ಕು ಬಲ ಮುಂಗೈಯನ್ನು ಕಳೆದುಕೊಂಡ. ಈಗ ಖಾನಾಪುರದ ಸಮೀಪದ ಹಳ್ಳಿಯಲ್ಲಿ ಭತ್ತ ಬೆಳೆಯುತ್ತಾನೆ. ಅವನ ಬಳಿ ಎರಡು ಕೃತಕ ಕೈಗಳಿವೆ. ಒಂದು ವಿದ್ಯುತ್ತಿನದು: ಉಳಿದ ಸ್ನಾಯುಗಳು ಬಿಗಿದಾಗ ಚರ್ಮದ ಮೇಲೆ ತೋರುವ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸಿ ಪುಟ್ಟ ಮೋಟಾರುಗಳು ಐದು ಬೆರಳುಗಳನ್ನೂ ಮಡಚುತ್ತವೆ. ಇನ್ನೊಂದು ಉಕ್ಕಿನ ಜೋಡಿ ಕೊಕ್ಕೆ. ಭುಜಕ್ಕೆ ಬಿಗಿದ ಪಟ್ಟಿಯಿಂದ ಅದಕ್ಕೊಂದು ತಂತಿ. ಭುಜ ಚಾಚಿದರೆ ಕೊಕ್ಕೆ ಬಾಯಿ ತೆರೆಯುತ್ತದೆ, ಸಡಿಲಿಸಿದರೆ ರಬ್ಬರಿನ ಪಟ್ಟಿ ಅದನ್ನು ಮುಚ್ಚುತ್ತದೆ. ಗರಗಸದ ಮಿಲ್ಲಿನಲ್ಲಿ ಕೈ ಕಳೆದುಕೊಂಡ ಅಮೆರಿಕದ ಡೋರನ್ಸ್ ಎಂಬಾತ 1912ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಶತಮಾನ ಕಳೆದರೂ ಅದರ ಮೂಲತತ್ತ್ವ ಬದಲಾಗಿಲ್ಲ. ಏಕೆ? ತಂತಿಯ ಸೆಳೆತದಿಂದಲೇ ಕೊಕ್ಕೆ ಎಷ್ಟು ತೆರೆದಿದೆಯೆಂದು ಭುಜಕ್ಕೆ ತಿಳಿಯುತ್ತದೆ. ಮೋಟಾರಿನ ಕೈಯಾದರೆ ಸಾಮಾನ್ಯವಾಗಿ ಕಣ್ಣಿಟ್ಟು ನೋಡುತ್ತಲೇ ಹಿಡಿಯಬೇಕು. 2016ರಲ್ಲಿ ಜೂರಿಕ್ ಬಳಿ ನಡೆದ ಸೈಬಥ್ಲಾನ್ ಎಂಬ ಸ್ಪರ್ಧೆಯಲ್ಲಿ, ಕೃತಕ ಕೈಯಿಂದ ಮನೆಗೆಲಸ ಮಾಡಿ ತೋರಿಸುವ ಪಂದ್ಯವನ್ನು ಗೆದ್ದದ್ದು ಮೋಟಾರಿಲ್ಲದ, ತಂತಿಯಿಂದ ನಡೆಯುವ ಕೈ!

ನಮ್ಮ ದೇಶದಲ್ಲಿ ರೋಟರಿ ಸಂಸ್ಥೆಗಳು ಉಚಿತವಾಗಿ ಹಂಚಿರುವ ಎಲ್‌ಎನ್-4 ಕೈ ಇನ್ನೂ ಸರಳ. ಅದಕ್ಕೆ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ; ಚಲಿಸುವ ಮೂರು ಬೆರಳುಗಳನ್ನು ಇನ್ನೊಂದು ಕೈಯಿಂದ ಒತ್ತಿ ಕೂರಿಸಬೇಕು.

ಖಾನಾಪುರದ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ನೀರು, ಕೆಸರು, ಬೆವರು ಸೇರಿ ವಿದ್ಯುತ್ತಿನ ಕೈ ಬೇಗನೆ ಪೆಟ್ಟಿಗೆ ಸೇರಿತು. ಕೆಟ್ಟರೆ ಅದನ್ನು ದೂರದ ನಗರಕ್ಕೆ ಕಳುಹಿಸಬೇಕು. ಕೊಕ್ಕೆಯ ತಂತಿ ಹರಿದರೆ ಊರಿನ ಸೈಕಲ್ ಅಂಗಡಿಯವನೇ ಬ್ರೇಕಿನ ತಂತಿ ಹಾಕಿಕೊಡುತ್ತಾನೆ. ಸರಳವಾದುದೇ ಮೇಲೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವನ ಮನೆಗೆ ಹೋದಾಗ ಹಾಗೆಂದು ಹೇಳಿಯೂ ಬಿಟ್ಟೆ.

"ಹೊಲದಾಗ ಇದ ಚಲೋರಿ ಸರ," ಎಂದ. "ಆದ್ರ ಸಣ್ಣ ಮಗಳು ಕೊಕ್ಕಿ ಕಂಡ್ರ ಅಂಜತಾಳ್ರಿ."

ಸಂತೆಯ ಹಿಂದಿನ ರಾತ್ರಿ ಅವನು ಪೆಟ್ಟಿಗೆಯಿಂದ ಆ ಇನ್ನೊಂದು ಕೈಯನ್ನು ತೆಗೆದು ಚಾರ್ಜಿಗೆ ಹಚ್ಚುತ್ತಾನೆ. ಮರುದಿನ ಎಡಗೈಯಲ್ಲಿ ಸಂತೆಯ ಚೀಲ. ಬಸ್ ನಿಲ್ದಾಣದಿಂದ ಪೇಟೆಯವರೆಗೆ ಮಗಳು ಹಿಡಿದು ನಡೆಯುವುದು ಬಲಗೈಯನ್ನು.