ಶಾಸನವೂ ಅದರ ಕಾವಲೂ



ಹೊಲಕ್ಕೆ ಬೇಲಿಯನ್ನು ಹಾಕಿದ ಮಾತ್ರಕ್ಕೆ ಪೈರು ಉಳಿಯಲಾರದು. ದನಗಳು ಒಳಗೆ ನುಗ್ಗಿದವೋ ಇಲ್ಲವೋ ಎಂಬದನ್ನು ಹಗಲಿರುಳು ನೋಡತಕ್ಕ ಕಾವಲುಗಾರನು ಬೇಕು. ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ಊರವರನ್ನು ಕೂಗಿ ಎಬ್ಬಿಸತಕ್ಕವನೂ ಬೇಕು. ರಾಜ್ಯದ ಶಾಸನಗಳ ಗತಿಯೂ ಇದೇ ಆಗಿರುವದು. ಶಾಸನವನ್ನು ಬರೆಯುವದು ಒಂದು ಕಾರ್ಯ. ಬರೆದುದನ್ನು ನಡೆಯಿಸುವದು ಅದಕ್ಕಿಂತ ದೊಡ್ಡದಾದ ಇನ್ನೊಂದು ಕಾರ್ಯ. ಈ ಎರಡನೆಯ ಕಾರ್ಯಕ್ಕಾಗಿ ಅಧಿಕಾರವಿಲ್ಲದೆ, ಸಂಬಳವಿಲ್ಲದೆ, ಲಾಭದ ಆಶೆಯಿಲ್ಲದೆ ನಿಂತ ಒಂದು ಸಂಸ್ಥೆಯ ವೃತ್ತಾಂತವೇ ಇಂದಿನ ವಿಷಯವು.

ನೆಲ, ಜಲ, ಅರಣ್ಯಗಳ ರಕ್ಷಣೆಯ ವಿಷಯದಲ್ಲಿ ಭಾರತ ದೇಶದಲ್ಲಿ ಕಟ್ಟಳೆಗಳಿಗೇನೂ ಕೊರತೆಯಿಲ್ಲ. 1974 ರಲ್ಲಿ ಜಲಮಾಲಿನ್ಯವನ್ನು ತಡೆಯುವ ಅಧಿನಿಯಮವೂ, 1980 ರಲ್ಲಿ ಅರಣ್ಯ ಸಂರಕ್ಷಣೆಯ ಅಧಿನಿಯಮವೂ, 1981 ರಲ್ಲಿ ವಾಯುಮಾಲಿನ್ಯದ ಅಧಿನಿಯಮವೂ, 1986 ರಲ್ಲಿ ಪರಿಸರ ಸಂರಕ್ಷಣೆಯ ಅಧಿನಿಯಮವೂ ಹುಟ್ಟಿದವು. ಇವುಗಳ ನಡುವೆ, 1976 ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಎರಡು ಮಾತುಗಳು ಸೇರಿದವು. ಪರಿಸರವನ್ನೂ ಅರಣ್ಯವನ್ನೂ ಕಾಯುವದು ರಾಜ್ಯದ ಧರ್ಮವೆಂದು 48ಎ ವಿಧಿಯೂ, ಅದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು 51ಎ ವಿಧಿಯೂ ಸಾರಿದವು.

ಹಾಗಾದರೆ ನದಿಯು ಏಕೆ ಕೆಡುವದು? ಗುಡ್ಡವು ಏಕೆ ಕರಗುವದು? ಕಾರಣಗಳನ್ನು ಹುಡುಕುವದಕ್ಕೆ ದೂರ ಹೋಗಬೇಕಾದುದಿಲ್ಲ. ಪರೀಕ್ಷಿಸತಕ್ಕ ಅಧಿಕಾರಿಗಳು ಕೆಲವರು; ಪರೀಕ್ಷೆಗೆ ಒಳಗಾಗತಕ್ಕ ಕಾರಖಾನೆ, ಗಣಿಗಳು ಅನೇಕ. ಅಪ್ಪಣೆಯನ್ನು ಪಡೆದದ್ದು ಒಂದು ಎಕರೆಗೆ, ಅಗೆದದ್ದು ಎರಡು ಎಕರೆಯನ್ನು ಎಂಬಂಥ ಮೋಸವು ಕಾಗದದಲ್ಲಿ ಕಾಣುವದಿಲ್ಲ. ಸ್ಥಳದಲ್ಲಿ ನಿಂತು ಅಳೆದವನಿಗೆ ಮಾತ್ರ ಕಾಣುವದು. ರಾಜಧನವನ್ನು ಪಡೆಯುವ ಕೈಯೇ ದಂಡಿಸುವ ಕೈಯೂ ಆಗಿರುವಲ್ಲಿ ದಂಡವು ಮೆತ್ತಗಾಗುವದು ಸಹಜವು. ಇವೆಲ್ಲಕ್ಕೂ ಮಿಗಿಲಾಗಿ, ಹಾನಿಯನ್ನು ಉಣ್ಣುವವರು ಬೆಸ್ತರು, ಕುರುಬರು, ಸಣ್ಣ ಒಕ್ಕಲಿಗರು. ಅವರ ದನಿಯು ಕಚೇರಿಯ ಮೆಟ್ಟಿಲನ್ನು ಏರುವದು ಕಷ್ಟವು.

ಈ ಕೊರತೆಯನ್ನು ತುಂಬುವದಕ್ಕಾಗಿ 1984 ನೆಯ ಇಸವಿಯಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆಯು ತಲೆಯೆತ್ತಿತು. ಅಮೇರಿಕೆಯಲ್ಲಿ ಉದ್ಯೋಗದಲ್ಲಿದ್ದು ತಾಯ್ನಾಡಿಗೆ ಹಿಂದಿರುಗಿ, ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯ ಸುತ್ತಿನಲ್ಲಿ ಗ್ರಾಮಸೇವೆಯನ್ನು ಕೈಕೊಂಡಿದ್ದ ಶ್ರೀ ಎಸ್. ಆರ್. ಹಿರೇಮಠರು ಇದರ ಸ್ಥಾಪಕರಲ್ಲಿ ಮುಖ್ಯರು. ಸಂಸ್ಥೆಯ ಆಯುಧಗಳು ಮೂರೇ: ಸಂಗತಿಗಳನ್ನು ಸ್ಥಳದಲ್ಲಿಯೇ ಶೋಧಿಸಿ ಬರೆದಿಡುವದು, ಅವುಗಳನ್ನು ನ್ಯಾಯಾಲಯದ ಮುಂದೆ ಇಡುವದು, ಮತ್ತು ಬಾಧಿತರಾದ ಜನರನ್ನು ಶಾಂತಿಯಿಂದ ಒಟ್ಟುಗೂಡಿಸುವದು.

ಮೊದಲನೆಯ ಪರೀಕ್ಷೆಯು ತುಂಗಭದ್ರೆಯ ದಂಡೆಯ ಮೇಲೆಯೇ ಬಂದೊದಗಿತು. ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನೂಲಿನ ದ್ರವ್ಯವನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್ ಎಂಬ ದೊಡ್ಡ ಕಾರಖಾನೆಯಿರುವದು. ಅದರ ಹೊಲಸು ನೀರು ನದಿಯನ್ನು ಸೇರುತ್ತಿದ್ದುದರಿಂದ ಮೀನುಗಳು ಸತ್ತು ತೇಲುವವೆಂದೂ, ದನಕರುಗಳಿಗೆ ಕುಡಿಯಲು ನೀರಿಲ್ಲದಾಯಿತೆಂದೂ, ಮೈಯಲ್ಲಿ ಹುಣ್ಣುಗಳೇಳುವವೆಂದೂ ಕೆಳದಂಡೆಯ ಹಳ್ಳಿಗಳವರು ಮೊರೆಯಿಟ್ಟರು. ಜಲಮಾಲಿನ್ಯದ ಅಧಿನಿಯಮವು ಹುಟ್ಟಿ ಆಗಲೇ ಹತ್ತು ವರುಷಗಳಾಗಿದ್ದವು. ಅದನ್ನು ನಡೆಯಿಸುವ ಮಂಡಳಿಯೂ ಇದ್ದಿತು. ಇಲ್ಲದ್ದೆಂದರೆ ಆ ಮಂಡಳಿಯನ್ನು ಎಚ್ಚರಿಸುವ ದನಿಯೊಂದೇ. ಸಮುದಾಯದವರು ಆ ದನಿಯನ್ನು ಕೊಟ್ಟರು. ನದಿಯ ನೀರು ಯಾರೊಬ್ಬರ ಸ್ವತ್ತೂ ಅಲ್ಲವೆಂಬ ಸಾಮಾನ್ಯ ಸತ್ಯವನ್ನು ಶಾಸನದ ಭಾಷೆಯಲ್ಲಿ ಹೇಳುವದನ್ನು ಹಳ್ಳಿಗರು ಅಂದು ಕಲಿತರು.

ಎರಡನೆಯ ಪ್ರಸಂಗವು ನೆಲದ್ದು. ಅದೇ ಕಾರಖಾನೆಗೆ ಮರವನ್ನು ಒದಗಿಸುವದಕ್ಕಾಗಿ 1984 ರಲ್ಲಿ ಕರ್ನಾಟಕ ಸರಕಾರದ ಅರಣ್ಯ ನಿಗಮವೂ ಕಾರಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಕಟ್ಟಿದವು. ಸರಕಾರದ ಪಾಲು ನೂರಕ್ಕೆ 51, ಕಾರಖಾನೆಯ ಪಾಲು ನೂರಕ್ಕೆ 49. ಸುಮಾರು 30,000 ಹೆಕ್ಟೇರು ನೆಲವನ್ನು ಈ ಕಂಪನಿಯ ವಶಕ್ಕೆ ಕೊಟ್ಟು ನೀಲಗಿರಿ ಮೊದಲಾದ ಗಿಡಗಳನ್ನು ಬೆಳೆಯಿಸಬೇಕೆಂಬದು ಯೋಜನೆಯು. ಸರಕಾರದ ದಫ್ತರದಲ್ಲಿ ಆ ನೆಲವು ಪಾಳುಬಿದ್ದದ್ದು. ಹಳ್ಳಿಗರ ಪಾಲಿಗಾದರೋ ಅದು ದನಗಳಿಗೆ ಹುಲ್ಲು, ಒಲೆಗೆ ಸೌದೆ, ಹೊಲಕ್ಕೆ ಸೊಪ್ಪು, ಬಡವಿಗೆ ಹೊಟ್ಟೆಯ ಹಿಟ್ಟು. ಸಮುದಾಯದವರು ಹಿರಿಯ ಸಾಹಿತಿಗಳಾದ ಡಾ. ಶಿವರಾಮ ಕಾರಂತರನ್ನು ಕೂಡಿಕೊಂಡು ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೊಕ್ಕರು. 1987 ನೆಯ ಮಾರ್ಚ್ ತಿಂಗಳಲ್ಲಿ ಭೂಮಿಯ ಹಸ್ತಾಂತರಕ್ಕೆ ತಡೆಯಾಜ್ಞೆಯು ದೊರೆಯಿತು.

ಆಜ್ಞೆಯು ಕಾಗದದಲ್ಲಿಯೇ ಉಳಿಯದಿರಲೆಂದು ಅದೇ ವರುಷದ ನವಂಬರ 14 ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಎಂಬ ಸತ್ಯಾಗ್ರಹವು ನಡೆಯಿತು. ಜನರು ಕೆಲವು ನೀಲಗಿರಿಯ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಊರಿಗೆ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. ಕೀಳುವದರೊಡನೆ ನೆಡುವದನ್ನೂ ಕೂಡಿಸಿದ್ದು ಆ ಸತ್ಯಾಗ್ರಹದ ವಿಶೇಷವು. ನಾಶಮಾಡುವದು ತಮ್ಮ ಉದ್ದೇಶವಲ್ಲವೆಂಬದನ್ನು ಅವರು ಕೈಯಿಂದಲೇ ತೋರಿಸಿದರು. ಕೊನೆಗೆ 1991 ರಲ್ಲಿ ಸರಕಾರವು ಆ ಕಂಪನಿಯನ್ನು ಮುಚ್ಚುವ ನಿರ್ಣಯವನ್ನು ಮಾಡಿತು.

ಮೂರನೆಯದು ಬಳ್ಳಾರಿಯ ಗಣಿಗಳ ಪ್ರಸಂಗವು. ಈ ಶತಮಾನದ ಮೊದಲ ದಶಕದಲ್ಲಿ ಚೀನ ದೇಶದ ಉಕ್ಕಿನ ಕಾರಖಾನೆಗಳ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆಯು ಒಮ್ಮೆಲೇ ಏರಿತು. ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಗುಡ್ಡಗಳಲ್ಲಿ ಹಗಲಿರುಳೆನ್ನದೆ ಅಗೆತವು ನಡೆಯಿತು. ಗಡಿಯ ಕಲ್ಲುಗಳು ಮಾಯವಾದವು. ಅರಣ್ಯದ ನೆಲವು ಗಣಿಯ ಹೊಂಡವಾಯಿತು. ಲಾರಿಗಳ ಕೆಂಧೂಳಿನಿಂದ ಮೆಣಸು, ಜೋಳ, ಹತ್ತಿಯ ಬೆಳೆಗಳು ಬಣ್ಣಗೆಟ್ಟವು. 2010 ರಲ್ಲಿ ಕಾರವಾರದ ಕಡೆಯ ಬೇಲೆಕೇರಿ ಬಂದರದಲ್ಲಿ ಅರಣ್ಯ ಇಲಾಖೆಯವರು ಜಪ್ತಿಮಾಡಿದ್ದ ಸುಮಾರು 8 ಲಕ್ಷ ಟನ್ನು ಅದಿರಿನಲ್ಲಿ ಬಹುಭಾಗವು ಜಪ್ತಿಯಲ್ಲಿದ್ದಂತೆಯೇ ಹಡಗನ್ನೇರಿ ಹೋಯಿತು! ಬೇಲಿಯು ಹೊಲವನ್ನು ಮೇಯ್ದದ್ದಕ್ಕೆ ಇದಕ್ಕಿಂತ ಬೇರೆ ಉದಾಹರಣೆಯು ಬೇಕೇ?

ಅಂದಿನ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008 ರಲ್ಲಿ ಒಂದು ವರದಿಯನ್ನೂ, 2011 ರ ಜುಲೈಯಲ್ಲಿ ಇನ್ನೊಂದನ್ನೂ ಸರಕಾರಕ್ಕೆ ಒಪ್ಪಿಸಿದರು. ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕಾದ ಹಾನಿಯು 16,085 ಕೋಟಿ ರೂಪಾಯಿಗಳೆಂದು ಎರಡನೆಯ ವರದಿಯು ಗಣಿಸಿತು. ಆದರೆ ವರದಿಯು ವರದಿಯೇ; ಅದರ ಮೇಲಿನ ಕ್ರಮವು ಬೇರೆ. ಈ ಅಂತರವನ್ನು ಮೊದಲೇ ಅರಿತು ಸಮುದಾಯದವರು 2009 ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಯನ್ನು ಸಲ್ಲಿಸಿದ್ದರು. ನ್ಯಾಯಾಲಯವು ತನ್ನ ಕೇಂದ್ರ ಅಧಿಕಾರಯುಕ್ತ ಸಮಿತಿಯನ್ನು ಸ್ಥಳಕ್ಕೆ ಕಳುಹಿಸಿತು. ಸಮಿತಿಯ ವರದಿಯು ಬಂದ ಮೇಲೆ 2011 ನೆಯ ಜುಲೈ 29 ರಂದು ಬಳ್ಳಾರಿ ಜಿಲ್ಲೆಯಲ್ಲಿಯೂ, ಆಗಸ್ಟ 26 ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಲು ಆಜ್ಞೆಯಾಯಿತು.

ಮುಂದೆ ನಡೆದ ಕಾರ್ಯವು ಶಾಸನವನ್ನು ನಡೆಯಿಸುವದೆಂದರೆ ಏನು ಎಂಬದಕ್ಕೆ ಒಂದು ಪಾಠವಾಗಿರುವದು. 166 ಗುತ್ತಿಗೆಗಳ ಗಡಿಗಳನ್ನು ಹೊಸದಾಗಿ ಅಳೆದು ಅವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಅಕ್ರಮವು ಇಲ್ಲದ ಅಥವಾ ಅತ್ಯಲ್ಪವಾದ 45 ಗುತ್ತಿಗೆಗಳು ‘ಎ’ ವರ್ಗಕ್ಕೆ ಸೇರಿದವು. ಗಡಿಯನ್ನು ಮೀರಿದ್ದರೂ, ಆ ಮೀರಿದ ಹೊಂಡವು ಗುತ್ತಿಗೆಯ ಕ್ಷೇತ್ರದ ನೂರಕ್ಕೆ 10 ನ್ನೂ, ಮಣ್ಣಿನ ರಾಶಿಯು ನೂರಕ್ಕೆ 15 ನ್ನೂ ದಾಟದ 72 ಗುತ್ತಿಗೆಗಳು ‘ಬಿ’ ವರ್ಗಕ್ಕೆ ಸೇರಿದವು. ಈ ಮಿತಿಯನ್ನು ದಾಟಿದ ಅಥವಾ ಅರಣ್ಯದ ಶಾಸನವನ್ನು ರಾಜಾರೋಷವಾಗಿ ಮುರಿದ 49 ಗುತ್ತಿಗೆಗಳು ‘ಸಿ’ ವರ್ಗಕ್ಕೆ ಸೇರಿದವು. 2013 ನೆಯ ಏಪ್ರಿಲ್ 18 ರಂದು ಮೂವರು ನ್ಯಾಯಮೂರ್ತಿಗಳ ಪೀಠವು ತೀರ್ಪನ್ನು ಕೊಟ್ಟು ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ‘ಬಿ’ ವರ್ಗದವರು ಅಕ್ರಮವಾಗಿ ಅಗೆದ ಹೆಕ್ಟೇರಿಗೆ 5 ಕೋಟಿ, ಮಣ್ಣನ್ನು ಸುರುವಿದ ಹೆಕ್ಟೇರಿಗೆ 1 ಕೋಟಿ ರೂಪಾಯಿಗಳನ್ನು ಕೊಡಬೇಕಾಯಿತು. ಗುಡ್ಡವನ್ನು ಪುನಃ ಸರಿಪಡಿಸುವ ಯೋಜನೆಯನ್ನು ಒಪ್ಪಿ ನಡೆಯಿಸಿದ ಹೊರತು ಯಾವ ಗಣಿಯೂ ಬಾಗಿಲನ್ನು ತೆರೆಯಬಾರದೆಂದು ವಿಧಿಸಲಾಯಿತು. ಮೂರೂ ಜಿಲ್ಲೆಗಳಿಗೆ ವರುಷಕ್ಕೆ 300 ಲಕ್ಷ ಟನ್ನಿನ ಮಿತಿಯನ್ನು ಕಟ್ಟಲಾಯಿತು.

ಇಲ್ಲಿ ಒಂದು ಆಕ್ಷೇಪಣೆಯು ಏಳುವದು. ಅದನ್ನು ಅಲಕ್ಷಿಸುವದು ನ್ಯಾಯವಲ್ಲ. ಗಣಿಗಳು ನಿಂತಾಗ ಲಾರಿಯ ಚಾಲಕರೂ, ಕೂಲಿಕಾರರೂ, ಅವರನ್ನು ನಂಬಿದ ಸಣ್ಣ ಅಂಗಡಿಕಾರರೂ ಕೆಲಸವನ್ನು ಕಳೆದುಕೊಂಡು ಬಳಲಿದರು. ಸಾಲಮಾಡಿ ಲಾರಿಯನ್ನು ಕೊಂಡವನ ಮನೆಯ ಕಷ್ಟವು ಸುಳ್ಳಲ್ಲ. ಹಾಗಾದರೆ ಕಾವಲುಗಾರರು ಬಡವರ ಅನ್ನಕ್ಕೆ ಕಲ್ಲುಹಾಕಿದರೇ? ವಿಚಾರಿಸಿ ನೋಡಬೇಕು. ಶಾಸನವನ್ನು ಮೊದಲ ದಿನವೇ ನಡೆಯಿಸಿದ್ದರೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಸಣ್ಣ ಅಪರಾಧವನ್ನು ಸಕಾಲದಲ್ಲಿ ತಡೆಯದವನೇ ದೊಡ್ಡ ದಂಡವನ್ನು ಊರಿನ ಮೇಲೆ ತರುವನು. ತೀರ್ಪು ಗಣಿಗಾರಿಕೆಯನ್ನು ಅಳಿಸಿಯೂ ಇಲ್ಲ: ಅಪ್ಪಣೆಯಾದ ಮಿತಿಯು 2017 ರಲ್ಲಿ 350 ಲಕ್ಷ ಟನ್ನಿಗೂ, 2022 ರಲ್ಲಿ 500 ಲಕ್ಷ ಟನ್ನಿಗೂ ಏರಿತು. ಆದಕಾರಣ ಕಟ್ಟಳೆಯು ಉದ್ಯಮದ ವೈರಿಯಲ್ಲ. ಕಟ್ಟಳೆಗೆ ಒಳಪಟ್ಟ ಉದ್ಯಮಿಯನ್ನು ಕಳ್ಳನ ಪೈಪೋಟಿಯಿಂದ ಉಳಿಸತಕ್ಕದ್ದೂ ಅದೇ. ಆದರೆ ಮಿತಿಯು ಏರಿದಷ್ಟೂ ಕಾವಲಿನ ಹೊರೆಯೂ ಏರುವದೆಂಬದನ್ನು ಮರೆಯಲಾಗದು.

ಇಂಥ ಕಾರ್ಯವು ಸಂಸ್ಥೆಗಳಿಗೆ ಮಾತ್ರ ಮೀಸಲಾದುದಲ್ಲವೆಂಬದನ್ನು ಮಠಗಳೂ ತೋರಿಸಿಕೊಟ್ಟಿವೆ. ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತಿನ ಫಲವತ್ತಾದ ನೆಲವನ್ನು 2011 ರಲ್ಲಿ ಪೋಸ್ಕೋ ಎಂಬ ಪರದೇಶದ ಉಕ್ಕಿನ ಕಂಪನಿಗೆ ಕೊಡುವ ಪ್ರಯತ್ನವು ನಡೆದಾಗ, ಗದುಗಿನ ತೋಂಟದಾರ್ಯ ಮಠದ ಪೂಜ್ಯ ಡಾ. ಸಿದ್ಧಲಿಂಗ ಸ್ವಾಮಿಗಳು ಒಕ್ಕಲಿಗರ ಮುಂದೆ ನಿಂತರು. ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಔಷಧಿಯ ಮೂಲಿಕೆಗಳಿಗೆ ಹೆಸರಾದ ಕಪ್ಪತಗುಡ್ಡಕ್ಕೆ 2015 ರಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಪದವಿಯನ್ನು 2016 ರಲ್ಲಿ ಹಿಂದೆಗೆದುಕೊಂಡಾಗಲೂ ಅವರು ಸುಮ್ಮನಿರಲಿಲ್ಲ. 2017 ರಲ್ಲಿ ಆ ಪದವಿಯು ಮರಳಿತು. 2019 ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವಾಯಿತು. ಅದನ್ನು ಕಣ್ಣಾರೆ ನೋಡುವ ಮೊದಲೇ, 2018 ರ ಅಕ್ಟೋಬರದಲ್ಲಿ, ಸ್ವಾಮಿಗಳು ಲಿಂಗೈಕ್ಯರಾದರು. ನೆಟ್ಟವನು ನೆರಳನ್ನು ಕಾಣದಿದ್ದರೂ ಮರವು ನಿಲ್ಲುವದು.

ಸಾಮಾನ್ಯ ಗೃಹಸ್ಥನು ಮಾಡತಕ್ಕದ್ದೇನು? ದಾರಿಗಳು ತೆರೆದೇ ಇರುವವು. 2005 ರ ಮಾಹಿತಿ ಹಕ್ಕಿನ ಅಧಿನಿಯಮದಂತೆ ಯಾವನೊಬ್ಬ ನಾಗರಿಕನು ಒಂದು ಅರ್ಜಿಯಿಂದ ಗುತ್ತಿಗೆಯ, ಪರವಾನಿಗೆಯ ಕಾಗದಗಳನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರವು ಬರತಕ್ಕದ್ದು. 2006 ರ ಪರಿಸರ ಪರಿಣಾಮದ ಅಧಿಸೂಚನೆಯಂತೆ ದೊಡ್ಡ ಗಣಿ, ಕಾರಖಾನೆಗಳು ಏಳುವ ಮೊದಲು ಬಹಿರಂಗ ಸಭೆಯು ಕೂಡಬೇಕು. ಅದಕ್ಕೆ 30 ದಿನಗಳ ಮುಂಗಡ ಸೂಚನೆಯನ್ನು ಕೊಡಬೇಕು. ಅಲ್ಲಿ ಊರವನು ಆಡಿದ ಮಾತು ದಾಖಲೆಯಲ್ಲಿ ಸೇರುವದು. 2010 ರ ಅಧಿನಿಯಮದಿಂದ ಹುಟ್ಟಿದ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ದಕ್ಷಿಣ ಪೀಠವು ಚೆನ್ನೈಯಲ್ಲಿರುವದು. ಕರ್ನಾಟಕದ ಬಾಧಿತರು ಅದರ ಬಾಗಿಲನ್ನು ತಟ್ಟಬಹುದು.

ಆದರೆ ಈ ಕಾರ್ಯಕ್ಕೆ ಮೂರು ಗುಣಗಳು ಬೇಕು. ಮೊದಲನೆಯದು ಸತ್ಯ: ಅಳೆಯದೆ, ನೋಡದೆ ಆಪಾದಿಸಬಾರದು, ಒಂದು ಸುಳ್ಳು ಲೆಕ್ಕವು ನೂರು ನಿಜವಾದ ಲೆಕ್ಕಗಳನ್ನು ಕೆಡಿಸುವದು. ಎರಡನೆಯದು ನಿಃಸ್ವಾರ್ಥತೆ: ಕಾವಲುಗಾರನು ಕಳ್ಳನಿಂದ ಒಂದು ತೆನೆಯನ್ನು ಇಸಿದುಕೊಂಡರೂ ಅವನ ಕೂಗಿಗೆ ಬೆಲೆಯಿಲ್ಲ. ಮೂರನೆಯದು ತಾಳ್ಮೆ: ಕುಮಾರಪಟ್ಟಣದ ಮೊರೆಯಿಂದ ಬಳ್ಳಾರಿಯ ತೀರ್ಪಿನ ವರೆಗೆ ಸುಮಾರು ಮೂವತ್ತು ವರುಷಗಳು ಕಳೆದವು. ಅಷ್ಟು ವರುಷಗಳ ಕಾಲ ಕಾಗದಗಳನ್ನು ಕಟ್ಟಿ, ದಿಲ್ಲಿಗೆ ಅಲೆದು, ಸೋಲಿನಲ್ಲಿ ಕುಗ್ಗದೆ ನಿಂತವರಿಂದಲೇ ಇಷ್ಟು ಉಳಿಯಿತು.

ನದಿಯು ಮಾತನಾಡುವದಿಲ್ಲ; ಗುಡ್ಡವು ಅರ್ಜಿಯನ್ನು ಬರೆಯುವದಿಲ್ಲ. ಅವುಗಳ ಪರವಾಗಿ ಮಾತನಾಡತಕ್ಕವರು ಅವುಗಳ ನೀರನ್ನು ಕುಡಿದವರೇ, ಅವುಗಳ ಮಡಿಲಲ್ಲಿ ಬೆಳೆದವರೇ ಆಗಿರುವರು. ಪ್ರತಿಯೊಂದು ಊರಿನಲ್ಲಿ ತನ್ನ ಕೆರೆಯ ಎಲ್ಲೆಯನ್ನೂ, ತನ್ನ ಗೋಮಾಳದ ಸರ್ವೆ ನಂಬರನ್ನೂ ಬಲ್ಲ ಇಬ್ಬರು ಪ್ರಾಮಾಣಿಕ ಮನುಷ್ಯರು ಇದ್ದರೆ, ಶಾಸನದ ಅಕ್ಷರಗಳಿಗೆ ಜೀವ ಬರುವದು. ಅಂಥವರು ಊರೂರಿಗೆ ಹುಟ್ಟಲಿ. ಹುಟ್ಟಿದವರಿಗೆ ಊರು ಬೆಂಬಲವಾಗಿ ನಿಲ್ಲಲಿ.