ಕಂಪ್ಯೂಟರ್ ಕ್ಯಾನ್ಸರನ್ನು ಮೊದಲೇ ಗುರುತಿಸೀತೇ?

"ಒಂದೇ ರಕ್ತಪರೀಕ್ಷೆ, ಕ್ಯಾನ್ಸರ್ ಇದ್ದರೆ ಕಂಪ್ಯೂಟರೇ ಹೇಳುತ್ತದೆ" ಎಂಬಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ದುಡ್ಡು ಕಟ್ಟುವ ಮೊದಲು ನಾಲ್ಕು ನಿಮಿಷ ನನ್ನ ಜೊತೆಗಿರಿ.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವುದು ಅವೇ ಸುಮಾರು 20,000 ಜೀನ್‌ಗಳು. ಆದರೂ ಕಣ್ಣಿನ ಕೋಶದ ಕೆಲಸ ಬೇರೆ, ಚರ್ಮದ್ದು ಬೇರೆ. ಹೇಗೆ ಅಂತೀರಾ? ನಮ್ಮ ಸ್ಟುಡಿಯೋದ ಮಿಕ್ಸರ್ ನೆನೆಸಿಕೊಳ್ಳಿ. ಗುಂಡಿಗಳು ಅವೇ, ಯಾವುದನ್ನು ಏರಿಸಿದೆವು, ಯಾವುದನ್ನು ಇಳಿಸಿದೆವು ಎಂಬುದರ ಮೇಲೆ ದನಿ ಬದಲಾಗುತ್ತದೆ. ಜೀನ್‌ಗಳ ಈ ಏರಿಳಿತಕ್ಕೆ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಕ್ಯಾನ್ಸರ್ ಕೋಶದಲ್ಲಿ ಇದು ಹದ ತಪ್ಪಿರುತ್ತದೆ.

ತೀವ್ರ ರಕ್ತಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ, ಎರಡಕ್ಕೂ ಔಷಧಿ ಬೇರೆ. 1999ರಲ್ಲಿ ಅಮೆರಿಕದ ಟಾಡ್ ಗೊಲುಬ್ ಮತ್ತು ಸಂಗಡಿಗರು, ಬಗೆ ಮೊದಲೇ ಗೊತ್ತಿದ್ದ 38 ರೋಗಿಗಳ ಅಸ್ಥಿಮಜ್ಜೆಯಲ್ಲಿ 6,817 ಜೀನ್‌ಗಳ ಏರಿಳಿತ ಅಳೆದು ಕಂಪ್ಯೂಟರಿಗೆ ಕೊಟ್ಟರು. ಎರಡನ್ನೂ ಬೇರ್ಪಡಿಸುವ 50 ಜೀನ್‌ಗಳು ಸಿಕ್ಕವು. ಆಮೇಲೆ, ಅದು ಹಿಂದೆಂದೂ ನೋಡದ 34 ಮಾದರಿಗಳನ್ನು ಮುಂದಿಟ್ಟರು. 29ರ ಬಗ್ಗೆ ಖಚಿತವಾಗಿ ಹೇಳಿತು, 29ಕ್ಕೆ 29 ಸರಿ. ಉಳಿದ 5ಕ್ಕೆ, ಖಚಿತವಿಲ್ಲ ಎಂದಿತು. ನನಗಂತೂ ಮೆಚ್ಚುಗೆಯಾದದ್ದು ಈ ಐದೇ! ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಯಂತ್ರ.

ಹೊಸ ಮಾದರಿ ಏಕೆ ಬೇಕಿತ್ತು? 38 ಜನ, ಸಾವಿರಾರು ಅಂಕಿ. ಅಷ್ಟರಲ್ಲಿ ಕಾಕತಾಳೀಯ ಹೊಂದಿಕೆಗಳೂ ಹೇರಳವಾಗಿ ಸಿಗುತ್ತವೆ. ಕಂಪ್ಯೂಟರ್ ಕಲಿತಿದೆಯೋ, ಬಾಯಿಪಾಠ ಮಾಡಿದೆಯೋ ತಿಳಿಯಲು ಹೊಸ ಪ್ರಶ್ನೆಯನ್ನೇ ಕೇಳಬೇಕು, ನಮ್ಮ ಶಾಲೆಯ ಮೇಷ್ಟ್ರ ಹಾಗೆ.

ಆದರೆ ಗಮನಿಸಿ, ಅವರೆಲ್ಲ ಆಗಲೇ ಕಾಯಿಲೆ ಬಿದ್ದವರು. ಆರೋಗ್ಯವಂತರಲ್ಲಿ ಮೊದಲೇ ಪತ್ತೆ ಮಾಡುವುದು ಬೇರೆಯೇ ಲೆಕ್ಕ. 1,000 ಜನರಲ್ಲಿ 5 ಮಂದಿಗೆ ಕ್ಯಾನ್ಸರ್ ಇದೆ ಎನ್ನಿ. ರೋಗ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 95 ಸಲ ಸರಿ ಹೇಳುವ ಪರೀಕ್ಷೆ ಆ ಐವರನ್ನೂ ಬಹುಶಃ ಹಿಡಿದೀತು. ಜೊತೆಗೆ, ಏನೂ ಇಲ್ಲದ ಸುಮಾರು 50 ಮಂದಿಗೂ "ಇದೆ" ಎಂದೀತು. ಅವರ ಸ್ಕ್ಯಾನ್, ಬಯಾಪ್ಸಿ, ನಿದ್ದೆಯಿಲ್ಲದ ರಾತ್ರಿಗಳ ಲೆಕ್ಕ ಯಾವ ಕರಪತ್ರದಲ್ಲೂ ಇರುವುದಿಲ್ಲ.

ಹಾಗೆಂದು ಈ ವಿದ್ಯೆ ಬರೀ ಸುಳ್ಳಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡ 70 ಜೀನ್‌ಗಳ ಸ್ತನಕ್ಯಾನ್ಸರ್ ಪರೀಕ್ಷೆಗೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಅದೂ ರೋಗ ಪತ್ತೆಗಲ್ಲ, ಮರುಕಳಿಸುವ ಅಪಾಯ ಅಳೆಯಲು.

ಆದ್ದರಿಂದ ಯಾರಾದರೂ ಇಂಥ ಪರೀಕ್ಷೆ ಮುಂದಿಟ್ಟರೆ ಎರಡು ಮಾತು ಕೇಳಿ: ಎಷ್ಟು ಹೊಸ ಜನರ ಮೇಲೆ ನೋಡಿದ್ದೀರಿ? ಆರೋಗ್ಯವಂತರಲ್ಲಿ ಎಷ್ಟು ಮಂದಿಗೆ ಸುಮ್ಮನೆ ಗಾಬರಿ ಹುಟ್ಟಿಸಿದ್ದೀರಿ? ಇನ್ನು ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ಯಾವ ಕಂಪ್ಯೂಟರಿಗೂ ಕಾಯಬೇಡಿ. ಈ ವಾರವೇ ಡಾಕ್ಟರ ಹತ್ತಿರ ಹೋಗಿ.